ಮುಚ್ಚಿದ ಬ್ಯಾಟರಿ: ಅಳತೆಯ ವಂಚನೆ

ತೂಕದಲ್ಲಿ ಕಡಿಮೆ ಕೊಟ್ಟು ಪೂರ್ಣ ಬೆಲೆ ಪಡೆಯುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದೆಂದು ಎಣಿಸಿದೆ. ಹೀನಾಧಿಕಮಾನೋನ್ಮಾನವೆಂದು ಅದರ ಹೆಸರು. ಬೆಲೆಯನ್ನು ಪೂರ್ತಿ ಪಡೆದು, ವಸ್ತುವಿನ ಆಯುಷ್ಯವನ್ನು ಮಾತ್ರ ಕತ್ತರಿಸಿ ಕೊಡುವ ವ್ಯಾಪಾರಕ್ಕೆ ಬೇರೆ ಹೆಸರು ಏಕೆ?

ಟಾರ್ಚಿನ ಸೆಲ್ಲು ಮುಗಿದರೆ ಅಜೆಕಾರಿನ ಪೇಟೆಯಲ್ಲಿ ಹೊಸದನ್ನು ಕೊಂಡು ಹಾಕುವುದು ಮಕ್ಕಳಿಗೂ ತಿಳಿದ ಕೆಲಸ. ಆದರೆ ಇಂದಿನ ಹೆಚ್ಚಿನ ಮೊಬೈಲ್ ಫೋನುಗಳಲ್ಲಿ ಬ್ಯಾಟರಿಯನ್ನು ಅಂಟುಹಾಕಿ ಒಳಗೆ ಹುದುಗಿಸಲಾಗಿದೆ. ಲಿಥಿಯಂ-ಅಯಾನ್ ಬ್ಯಾಟರಿ ಚಾರ್ಜ್ ಮಾಡಿದಷ್ಟೂ ಸವೆಯುತ್ತದೆ. ಉಳಿದ ಭಾಗಗಳು ಸರಿಯಿದ್ದರೂ ಅದು ಸೋತೊಡನೆ ಫೋನು ಮೂಲೆ ಸೇರುತ್ತದೆ. ಎಣ್ಣೆ ತೀರಿತೆಂದು ದೀಪವನ್ನೇ ಎಸೆಯುವವರುಂಟೆ?

ಐರೋಪ್ಯ ಒಕ್ಕೂಟವು 2023ರಲ್ಲಿ ಬ್ಯಾಟರಿ ಕಾಯಿದೆಯೊಂದನ್ನು ರಚಿಸಿತು. ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ಸಾಮಾನ್ಯ ಸಲಕರಣೆಗಳಿಂದ ತೆಗೆದು ಬದಲಿಸುವಂತಿರಬೇಕೆಂಬ ಅದರ ವಿಧಿ 2027ರ ಫೆಬ್ರವರಿ 18ರಿಂದ ಅನ್ವಯ. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸತ್ತ ಬ್ಯಾಟರಿಯ ಸಂಗ್ರಹ, ಮರುಬಳಕೆಗಳ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅದು ಸ್ತುತ್ಯ. ಆದರೆ ಬಳಕೆದಾರನು ಬಿಚ್ಚಲು ಬರುವಂತಿರಬೇಕೆಂಬ ಕಡ್ಡಾಯ ಅವುಗಳಲ್ಲಿಲ್ಲ. ಶವಸಂಸ್ಕಾರಕ್ಕೆ ನಿಯಮವಿದೆ, ಚಿಕಿತ್ಸೆಗೆ ಇಲ್ಲ!

ಬಿಚ್ಚುವಂತೆ ಮಾಡಿದರೆ ನೀರು ನುಗ್ಗುತ್ತದೆಂದು ಕಂಪನಿಗಳು ವಾದಿಸುತ್ತವೆ. 2014ರಲ್ಲಿ ಬಂದ ಸ್ಯಾಮ್‌ಸಂಗ್ ಗೆಲಾಕ್ಸಿ ಎಸ್5 ಫೋನಿನ ಹಿಂಬದಿಯನ್ನು ಉಗುರಿನಿಂದ ತೆರೆಯಬಹುದಿತ್ತು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುವ ರಕ್ಷಣೆಯೂ ಅದಕ್ಕಿತ್ತು. ಹತ್ತು ವರ್ಷಗಳ ಹಿಂದೆಯೇ ಸಾಧ್ಯವಾದುದು ಇಂದು ಅಸಾಧ್ಯವೆಂದರೆ ನಂಬುವವರಾರು? ಬಳಕೆದಾರನ ಕೈಯಲ್ಲಿ ಬ್ಯಾಟರಿ ಅಪಾಯಕಾರಿ ಎಂಬ ಮಾತು ಪೂರ್ಣ ಸುಳ್ಳಲ್ಲ; ಚುಚ್ಚಿದರೆ ಅದು ಹೊತ್ತಿಕೊಳ್ಳುತ್ತದೆ. ಅಂತೆಯೇ ಅಂಟು ಕೀಳಲು ಚೂಪಾದ ಉಪಕರಣ ತೂರಿಸಬೇಕಾದ ರಚನೆಯೇ ಹೆಚ್ಚು ಅಪಾಯವಲ್ಲವೆ?

ಪ್ರಯೋಜನವಿಲ್ಲದ ಹಿಂಸೆಯನ್ನು ನಮ್ಮ ಆಚಾರ್ಯರು ಅನರ್ಥದಂಡವೆಂದರು. ಬ್ಯಾಟರಿಯ ಕೋಬಾಲ್ಟಿಗಾಗಿ ಕಾಂಗೋ ದೇಶದ ಗಣಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಗಣಿಯಲ್ಲಿ ನೆಲವನ್ನು ಅಗೆದು ಪೃಥ್ವೀಕಾಯಿಕ ಜೀವಗಳಿಗೂ ಅದನ್ನು ಆಶ್ರಯಿಸಿದ ತ್ರಸಜೀವಗಳಿಗೂ ಉಂಟಾಗುವ ಘಾತವನ್ನು, ಅವಶ್ಯವಿಲ್ಲದ ಎರಡನೆಯ ಫೋನಿಗಾಗಿ ಮತ್ತೊಮ್ಮೆ ಮಾಡಿಸುವುದು ಅನರ್ಥದಂಡವಲ್ಲದೆ ಮತ್ತೇನು?

ಬಸದಿಗಳ ಮೊಕ್ತೇಸರರಲ್ಲಿ ವಿನಂತಿ: ಮಳೆಗಾಲದ ಕರೆಂಟು ಕಡಿತಕ್ಕಾಗಿ ತುರ್ತುದೀಪ, ಪ್ರವಚನಕ್ಕಾಗಿ ಧ್ವನಿವರ್ಧಕ ಕೊಳ್ಳುವಾಗ ಬ್ಯಾಟರಿ ಬದಲಿಸಲು ಬರುವಂಥದ್ದನ್ನೇ ಕೇಳಿರಿ, ಈ ಷರತ್ತನ್ನು ಠರಾವಿನಲ್ಲಿ ಬರೆಯಿರಿ. ಅದೇ ಠರಾವಿನ ಪ್ರತಿಯನ್ನು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಗೆ ಕಳುಹಿಸಿ, ನಮ್ಮ ದೇಶಕ್ಕೂ ಇಂಥ ಕಾಯಿದೆ ಬೇಕೆಂದು ಒತ್ತಾಯಿಸಿರಿ. ವ್ಯಾಪಾರಿ ಬಂಧುಗಳೇ, ಗಿರಾಕಿ ಕೇಳುವ ಮೊದಲೇ ಈ ದೋಷವನ್ನು ನಾವು ಹೇಳಿ ಮಾರೋಣ. ತಕ್ಕಡಿ ನೆಟ್ಟಗಿದ್ದರೆ ಸಾಲದು, ಸರಕೂ ನೆಟ್ಟಗಿರಬೇಕು.