ಶಾಲೆಯನ್ನು ಬಿಟ್ಟ ಮೇಲೆ ನಮ್ಮ ಹುಡುಗಿಯರು ನೋಡುವುದೇನು?



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವಾಗ ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವುದು ವಾಡಿಕೆ. ಅವುಗಳ ವರದಿಯು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಇರುವುದರಿಂದ, ಬಹುದಿನಗಳಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ಬೇರೊಂದು ಸಂಗತಿಯನ್ನು ನಿಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ನಮ್ಮ ಶಾಲೆಯನ್ನು ಬಿಟ್ಟುಹೋದ 18 ಅಥವಾ 20 ವರ್ಷದ ಹುಡುಗಿಯು ತನ್ನ ದಿನವನ್ನು ಹೇಗೆ ಕಳೆಯುತ್ತಾಳೆ, ಮುಂಬರುವ ಕಾಲಕ್ಕೆ ಏನೇನು ಎಣಿಕೆ ಹಾಕಿಕೊಳ್ಳುತ್ತಾಳೆ, ಅವಳ ಕಣ್ಣಿಗೆ ಸಿಕ್ಕುವ ಚೆಲುವು ಯಾವುದು ಎಂಬುದೇ ಆ ಸಂಗತಿ. ಇದು ಸಣ್ಣ ಮಾತೆಂದು ನಾನೂ ಒಂದು ಕಾಲದಲ್ಲಿ ಎಣಿಸಿದ್ದೆನು. ಈಗ ಹಾಗೆ ಎಣಿಸಲಾರೆ.

ಕಳೆದ ಆಟಿ ತಿಂಗಳಲ್ಲಿ, ಮಳೆಯು ಕೊಡೆಯನ್ನು ಲೆಕ್ಕಿಸದೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ, ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಯಾವುದೋ ದಾಖಲೆಯ ಪ್ರತಿಗಾಗಿ ಶಾಲೆಗೆ ಬಂದಳು. ಈಗ ಪದವಿ ತರಗತಿಯಲ್ಲಿ ಓದುತ್ತಿರುವಳು. ಗುಮಾಸ್ತರು ಕಾಗದವನ್ನು ಸಿದ್ಧಪಡಿಸುವ ತನಕ ನನ್ನ ಕೋಣೆಯಲ್ಲಿ ಕುಳಿತಿದ್ದು, ತನ್ನ ಮೊಬೈಲು ಫೋನಿನಲ್ಲಿ ಕೂಡಿಟ್ಟಿದ್ದ ಚಿತ್ರಗಳನ್ನು ನನಗೆ ತೋರಿಸಿದಳು. ಒಂದೊಂದು ಕಾಲಕ್ಕೆ ಒಂದೊಂದು ಕಟ್ಟು. ಬಹಳ ಅಚ್ಚುಕಟ್ಟಾಗಿ ವಿಂಗಡಿಸಿದ್ದಳು. ಶರತ್ಕಾಲದ ಕಟ್ಟಿನಲ್ಲಿ ಹಳದಿ ಎಲೆಗಳು ಉದುರಿದ ಯಾವುದೋ ಶೀತದೇಶದ ಬೀದಿ, ಉಣ್ಣೆಯ ಅಂಗಿಗಳು, ಕಿಟಿಕಿಯ ಬಳಿ ಹಬೆಯಾಡುವ ಒಂದು ಬಟ್ಟಲು. ಕೆಳಗೆ ಆ ಕಾಲದಲ್ಲಿ ಮಾಡತಕ್ಕ ಕೆಲಸಗಳ ಪಟ್ಟಿ: ಒಣಗಿದ ಎಲೆಗಳನ್ನು ಪುಸ್ತಕದೊಳಗೆ ಇಡುವುದು, ಒಬ್ಬಳೇ ಬಹುದೂರ ನಡೆಯುವುದು, ಗುಡ್ಡದ ಮೇಲಿಂದ ಸೂರ್ಯಾಸ್ತವನ್ನು ನೋಡುವುದು, ಹೀಗೆ.

ನಾನು ನಕ್ಕುಬಿಟ್ಟೆನು. "ಮಗೂ, ನಮ್ಮೂರಲ್ಲಿ ಎಲೆ ಉದುರುವುದನ್ನು ನೋಡಬೇಕಾದರೆ ರಬ್ಬರು ತೋಟಕ್ಕೇ ಹೋಗಬೇಕಷ್ಟೆ. ಉಣ್ಣೆಯ ಅಂಗಿಯನ್ನು ತೊಟ್ಟು ಬೆವರುವ ಆಸೆ ನಿನಗೇಕೆ? ನಿನ್ನ ಮನೆಯಂಗಳದಿಂದ ಗಡಾಯಿಕಲ್ಲು ಕಾಣುತ್ತದಲ್ಲ, ಅದರ ಚಿತ್ರ ಒಂದಾದರೂ ಇದರಲ್ಲಿ ಇದೆಯೇ?" ಎಂದು ಕೇಳಿದೆನು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಟೀಚರ್, ಗಡಾಯಿಕಲ್ಲನ್ನು ದಿನಾ ನೋಡುತ್ತೇನೆ. ಅಣ್ಣ ಮೂರು ಸಲ ಹತ್ತಿ ಬಂದಿದ್ದಾನೆ. ನನ್ನನ್ನು ಮನೆಯಲ್ಲಿ ಕಳುಹಿಸುವುದಿಲ್ಲ. ಫೋನಿನಲ್ಲಿ ಎಲ್ಲಿಗೆ ಹೋದರೂ ಯಾರೂ ಕೇಳುವುದಿಲ್ಲ."

ನಾಚಿಕೆಯಿಂದ ನನ್ನ ತಲೆ ತಗ್ಗಿತು. ಇಷ್ಟು ವರ್ಷ ನಾನು ತಾಯಿತಂದೆಗಳ ಸಭೆಗಳಲ್ಲಿ ಮೊಬೈಲಿನ ಹುಚ್ಚನ್ನು ಕುರಿತು ಉಪದೇಶ ಮಾಡುತ್ತ ಬಂದವಳು. ಹುಡುಗಿಯು ಪರದೇಶದ ಬೀದಿಯನ್ನು ಏಕೆ ನೋಡುತ್ತಾಳೆಂದು ಕೇಳಿದೆನೇ ಹೊರತು, ತನ್ನ ಊರಿನ ಗುಡ್ಡವನ್ನು ಹತ್ತಲು ಅವಳಿಗೆ ದಾರಿಯಿದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅವಳ ದಿನಚರಿಯನ್ನು ವಿಚಾರಿಸಿದೆನು. ಬೆಳಿಗ್ಗೆ ಐದೂವರೆಗೆ ಏಳುವುದು. ಅಂಗಳ ಗುಡಿಸಿ, ಹಾಲನ್ನು ಸೊಸೈಟಿಗೆ ಮುಟ್ಟಿಸಿ, ಗದ್ದೆಯ ಹುಣಿಯ ಮೇಲೆ ಓಡಿ ಬಸ್ಸು ಹಿಡಿಯುವುದು. ನಿಂತುಕೊಂಡೇ ಕಾಲೇಜಿಗೆ ಹೋಗುವುದು, ನಿಂತುಕೊಂಡೇ ಮರಳುವುದು. ಸಾಯಂಕಾಲ ತಾಯಿ ಕಟ್ಟುವ ಬೀಡಿಗೆ ಎಲೆ ಕತ್ತರಿಸಿ ಕೊಡುವುದು. ಚಳಿಗಾಲವಾದರೆ ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಹೆಕ್ಕುವುದು. ರಾತ್ರಿ ಊಟವಾಗಿ ಪಾತ್ರೆ ತೊಳೆದ ಮೇಲೆ ಸಿಕ್ಕುವ ಅರ್ಧ ಗಂಟೆಯೊಂದೇ ಅವಳ ಸ್ವಂತದ್ದು. ಆ ಅರ್ಧ ಗಂಟೆಯಲ್ಲಿ ಕೂಡಿಟ್ಟ ಚಿತ್ರಗಳಿಗೇ ನಾನು ನಕ್ಕದ್ದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಎಷ್ಟೋ ಮನೆಗಳಲ್ಲಿ ಹುಡುಗಿಯರ ದಿನವು ಇದಕ್ಕಿಂತ ಬೇರೆಯಲ್ಲವೆಂದು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ದುಡಿಮೆಯನ್ನು ನಾನು ಹಳಿಯುವುದಿಲ್ಲ. ತಾಯಿಗೆ ನೆರವಾಗುವ ಮಗಳು ಮನೆಗೆ ಭೂಷಣವೇ ಸರಿ. ಅದೇ ಮನೆಯ ಅಣ್ಣನಿಗೆ ಭಾನುವಾರವಿರುವಾಗ ತಂಗಿಗೇಕೆ ಇರಬಾರದು ಎಂಬುದೊಂದೇ ನನ್ನ ಪ್ರಶ್ನೆ.

ಪರದೇಶದ ಚಿತ್ರಗಳನ್ನು ನೋಡುವುದೇ ತಪ್ಪೆಂದು ಹೇಳುವವರು ಒಮ್ಮೆ ಮೂಡುಬಿದಿರೆಗೆ ಹೋಗಿಬರಲಿ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂಬುದು ಎಲ್ಲರೂ ಕೇಳಿದ ಮಾತು. ಅಲ್ಲಿಯ ಕೆತ್ತನೆಗಳ ನಡುವೆ ಒಂದು ಜಿರಾಫೆಯೂ ಚೀನದೇಶದ ಡ್ರ್ಯಾಗನ್ನೂ ಇರುವುದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ಕಡಲ ವ್ಯಾಪಾರದ ದೆಸೆಯಿಂದ ದೂರದೇಶಗಳ ಸುದ್ದಿಯು ಇಲ್ಲಿಗೆ ತಲುಪುತ್ತಿದ್ದುದರ ಗುರುತು ಇದೆಂದು ಬಲ್ಲವರು ಹೇಳುತ್ತಾರೆ. ಆ ಶಿಲ್ಪಿಯು ದೂರದ ಚಿತ್ರವನ್ನು ನಮ್ಮ ಕರಿಕಲ್ಲಿನಲ್ಲಿ, ತನ್ನ ಉಳಿಯಿಂದ ಕೆತ್ತಿದನು. ಕಟ್ಟಿದವರು ಮೇಲಂತಸ್ತುಗಳಿಗೆ ನಮ್ಮ ಮಳೆಗೆ ತಕ್ಕ ಇಳಿಜಾರು ಮಾಡನ್ನು ಇಟ್ಟರು. ದೂರದ್ದನ್ನು ನೋಡಿದ ಕಣ್ಣು ಹತ್ತಿರದ್ದನ್ನೂ ಬಲ್ಲದಾಗಿತ್ತು. ನಮ್ಮ ಹುಡುಗಿಯರಿಗೆ ಮೊದಲನೆಯದು ಫೋನಿನಿಂದ ದೊರೆತಿದೆ. ಎರಡನೆಯದನ್ನು ಕೊಡಬೇಕಾದವರು ನಾವು. ನಾವು ಕೊಟ್ಟಿಲ್ಲ.

ಹೆತ್ತವರ ಭಯವು ಸುಳ್ಳೆಂದು ನಾನು ಹೇಳಲಾರೆ. ಕಾಲವು ಕೆಟ್ಟದ್ದು, ಒಂಟಿಯಾಗಿ ಹೇಗೆ ಕಳುಹಿಸುವುದು ಎನ್ನುವಿರಿ. ಒಂಟಿಯಾಗಿ ಬೇಡ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀ ಕುಂಜರವೆಂಬ ಕೆತ್ತನೆಯಿದೆ. ಒಂಬತ್ತು ಮಂದಿ ಸ್ತ್ರೀಯರು ಒಬ್ಬರಿಗೊಬ್ಬರು ಆತುಕೊಂಡು ಒಂದು ಆನೆಯಾಗಿದ್ದಾರೆ. ಐದು ಮಂದಿ ಕೂಡಿ ಒಂದು ಕುದುರೆಯಾದುದೂ ಅಲ್ಲಿಯೇ ಇದೆ. ನಮ್ಮ ಹುಡುಗಿಯರು ಐದೋ ಒಂಬತ್ತೋ ಮಂದಿ, ಜೊತೆಗೆ ಒಬ್ಬಿಬ್ಬರು ತಾಯಂದಿರು ಕೂಡಿ ಹೊರಟರೆ ದಾರಿಯಲ್ಲಿ ಆನೆಯನ್ನು ತಡೆಯುವವರು ಯಾರು? ಖರ್ಚಿನ ಮಾತೂ ಮೊದಲಿನಷ್ಟು ಬಲವಾದುದಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ನಮ್ಮ ರಾಜ್ಯದ ಸ್ತ್ರೀಯರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದಂತೆ ಮಾಡಿತು. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚೆಂಬುದು ನಿಜವಾದರೂ, ಬಂಟ್ವಾಳದಿಂದ ಧರ್ಮಸ್ಥಳದ ದಾರಿಯಲ್ಲಿ ಸರಕಾರದ ಬಸ್ಸುಗಳಿಗೆ ಕೊರತೆಯಿಲ್ಲ.

ಊರವರು ಏನೆನ್ನುವರು ಎಂಬ ಮೂರನೆಯ ಭಯಕ್ಕೆ ನನ್ನ ಬಾಲ್ಯವನ್ನೇ ಉತ್ತರವಾಗಿ ಕೊಡುತ್ತೇನೆ. ನಾನು ಮಿಶನ್ ಬೋರ್ಡಿಂಗಿನಲ್ಲಿ ಬೆಳೆದವಳು. ಅಲ್ಲಿಯ ಕಟ್ಟುನಿಟ್ಟು ಎಂತಹದೆಂದು ಆ ಕಾಲದವರು ಮರೆತಿರಲಾರರು. ಆದರೂ ಶನಿವಾರ ಮಧ್ಯಾಹ್ನ ಮೇಟ್ರನ್ ಅಮ್ಮನವರು ನಮ್ಮನ್ನು ಸಾಲಾಗಿ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಮೂರು ಬಗೆಯ ಎಲೆಗಳನ್ನು ತಂದು ಹೆಸರು ಹೇಳಿದ ಹೊರತು ಸಂಜೆಯ ಚಹಾ ಕೊಡುತ್ತಿರಲಿಲ್ಲ. ಶಿಸ್ತೂ ತಿರುಗಾಟವೂ ಒಂದಕ್ಕೊಂದು ವೈರಿಗಳಲ್ಲವೆಂದು ನಾನು ಕಲಿತದ್ದು ಅಲ್ಲಿಯೇ. ಹೊರಗಿನ ಗಾಳಿಯನ್ನು ಅರಿಯದೆ ಬೆಳೆದವಳೇ ಮೊದಲ ಬಾರಿ ಹೊರಗೆ ಕಾಲಿಟ್ಟಾಗ ಬೇಗನೆ ಮೋಸಹೋಗುವಳು.

ಹಾಗಾದರೆ ನಮ್ಮ ಕಾಲಗಳಿಗೆ ತಕ್ಕ ಎಣಿಕೆಯು ಹೇಗಿರಬಹುದು? ನಮಗೆ ಶರತ್ಕಾಲದ ಹಳದಿ ಎಲೆಗಳಿಲ್ಲ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸಿನ ಮಳೆಯುಂಟು, ಅದನ್ನು ಸುತ್ತುವರಿದ ತಿಂಗಳುಗಳುಂಟು. ಆಟಿಯಲ್ಲಿ ಎಲ್ಲಿಗೂ ಹೋಗುವುದು ಬೇಡ. ಕೆಸುವಿನ ಎಲೆಯ ಪತ್ರೊಡೆ, ಕಣಿಲೆಯ ಪಲ್ಯ, ಅಮಾವಾಸ್ಯೆಯ ದಿನದ ಪಾಲೆ ಮರದ ತೊಗಟೆಯ ಕಷಾಯ, ಇವುಗಳನ್ನು ಅಜ್ಜಿಯ ಬಳಿ ಕುಳಿತು ಕೇಳಿ ಬರೆದಿಡಲಿ, ಒಂದೊಂದು ಎಲೆಯ ಚಿತ್ರವನ್ನೂ ಬಿಡಿಸಲಿ. ಮುಂದೆ ಸೋಣದಲ್ಲಿ, ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳಲ್ಲಿ ನಮ್ಮ ಕಥೋಲಿಕ ನೆರೆಯವರ ಮಕ್ಕಳು ಬೇಲಿಬೇಲಿಯ ಹೂಗಳನ್ನು ಹರಿವಾಣದಲ್ಲಿ ತುಂಬಿ ಇಗರ್ಜಿಗೆ ಒಯ್ಯುವುದನ್ನು ನೋಡಲಿ. ಆ ಬಣ್ಣಗಳ ಜೋಡಣೆಯನ್ನು ಮೀರಿಸುವ ಚಿತ್ರವು ಯಾವ ಫೋನಿನಲ್ಲಿದೆ?

ಮಳೆಯು ಹಿಂದೆಗೆದ ಮೇಲೆ ಬಂಟ್ವಾಳದಲ್ಲಿ ನೇತ್ರಾವತಿಯ ದಡದಲ್ಲಿ ಒಂದು ಸಂಜೆ ಕುಳಿತುಕೊಳ್ಳಲಿ. 1923ರ ಮತ್ತು 1974ರ ನೆರೆಗಳಲ್ಲಿ ಇದೇ ನದಿಯು ಪೇಟೆಯೊಳಗೆ ನುಗ್ಗಿದ ಕಥೆಯನ್ನು ಹಿರಿಯರಿಂದ ಕೇಳಲಿ. 1874ರಲ್ಲಿ ಇದೇ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ತೆಂಕಣ ಗಾಳಿಯನ್ನು ಕುರಿತು ಪದ್ಯ ಬರೆದರು. ಆ ಗಾಳಿಯು ಈಗಲೂ ಬೀಸುತ್ತಿದೆ. ಚಳಿಗಾಲದಲ್ಲಿ ವೇಣೂರಿಗೆ ಹೋಗಲಿ. 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿಯ ಮೊಗದಲ್ಲಿ ಬೆಳಗಿನ ಬಿಸಿಲು ಒಂದು ಬಗೆ, ಸಂಜೆಯ ಬಿಸಿಲು ಇನ್ನೊಂದು ಬಗೆ. ಪಗ್ಗು ತಿಂಗಳ ಬಿಸುವಿಗೆ ನೆರೆಮನೆಯ ಕಣಿಯಲ್ಲಿ ಸೌತೆಕಾಯಿಯನ್ನೂ ಹೂವನ್ನೂ ಕನ್ನಡಿಯನ್ನೂ ಹೇಗೆ ಜೋಡಿಸುತ್ತಾರೆಂದು ಕೇಳಿ ತಿಳಿಯಲಿ. ಬೇಸಗೆಯ ಉರಿಯಲ್ಲಿ ಬಸದಿಯ ಕಂಬಗಳ ನೆರಳು ತಂಪಾಗಿರುತ್ತದೆ. ಒಂದು ದಿನಕ್ಕೆ ಹತ್ತೇ ಕಂಬಗಳನ್ನು ನೋಡಿದರೂ ಸಾಕು.

ಇದಕ್ಕಾಗಿ ನಾನು ಹೆತ್ತವರಲ್ಲಿ ಬೇಡುವುದು ಹೆಚ್ಚಲ್ಲ. ತಿಂಗಳಿಗೆ ಒಂದು ಅರ್ಧ ದಿನವನ್ನು ಮಗಳಿಗೆ ಬಿಟ್ಟುಕೊಡಿರಿ. ಆ ಹೊತ್ತು ಅವಳ ಪಾಲಿನ ಕೆಲಸವನ್ನು ಮಗನು ಮಾಡಲಿ. ಅಡಿಕೆಯನ್ನು ಹೆಕ್ಕುವುದರಿಂದ ಯಾವ ಗಂಡಸಿನ ಗೌರವವೂ ಕುಂದುವುದಿಲ್ಲ. ಎಲ್ಲಿಗೆ, ಯಾರೊಡನೆ, ಎಷ್ಟು ಹೊತ್ತಿಗೆ ಮರಳುವೆ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿದ ಮೇಲೆ ಕಳುಹಿಸಿಕೊಡಿರಿ. ಈ ಮೂರು ಊರುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ಜಗಲಿಯಲ್ಲಿ ಅವರಿಗೆ ಒಂದು ಲೋಟ ನೀರೂ ಬೆಲ್ಲವೂ ಸಿಕ್ಕುವುದೆಂಬ ಮಾತು ಕೊಟ್ಟರೆ ಎಷ್ಟೋ ತಾಯಂದಿರ ಅಂಜಿಕೆಯು ಕಡಿಮೆಯಾಗುವುದು.

ಹುಡುಗಿಯರೇ, ನಿಮಗೂ ಒಂದು ಮಾತು. ಮನೆಯಲ್ಲಿ ಸುಳ್ಳು ಹೇಳಿ ಹೊರಡಬೇಡಿರಿ. ಒಬ್ಬಳ ಸುಳ್ಳು ಹತ್ತು ಮಂದಿಯ ಬಾಗಿಲನ್ನು ಮುಚ್ಚಿಸುವುದು. ಮಳೆಗಾಲದಲ್ಲಿ ಬಂಡೆಗೂ ಹೊಳೆಗೂ ಇಳಿಯಬೇಡಿರಿ. ಮುಟ್ಟಿದ ಕೂಡಲೇ ಫೋನನ್ನು ಎತ್ತಬೇಡಿರಿ. ಮೊದಲು ಕಾಲು ಗಂಟೆ ಬರಿಗಣ್ಣಿನಿಂದ ನೋಡಿರಿ.

ಆ ಹುಡುಗಿಯ ಮುಂದಿನ ಸುದ್ದಿಯನ್ನು ಹೇಳಿ ಮುಗಿಸುತ್ತೇನೆ. ನಾನು ಅವಳ ತಾಯಿಯವರಿಗೆ ಒಂದು ಪತ್ರ ಬರೆದೆನು. ಜನವರಿಯಲ್ಲಿ, ಬಂಡೆಯು ಒಣಗಿದ ಮೇಲೆ, ಅರಣ್ಯ ಇಲಾಖೆಯವರ ಅಪ್ಪಣೆ ಪಡೆದು, ತಾಯಿ, ಚಿಕ್ಕಮ್ಮ, ಇಬ್ಬರು ಗೆಳತಿಯರೊಡನೆ ಅವಳು ಗಡಾಯಿಕಲ್ಲನ್ನು ಹತ್ತಿದಳು. 1794ರಲ್ಲಿ ಟಿಪ್ಪು ಸುಲ್ತಾನನು ಕೋಟೆ ಕಟ್ಟಿಸಿದ ಆ ಬಂಡೆಗೆ 1876 ಮೆಟ್ಟಿಲುಗಳೆಂದು ಹೇಳುತ್ತಾರೆ. ತಾಯಿಯವರು ಕುಳಿತು ಕುಳಿತು ಎಲ್ಲವನ್ನೂ ಏರಿದರಂತೆ. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟುತ್ತ ಜಗಲಿಯಿಂದಲೇ ಅದನ್ನು ನೋಡಿದವರು ಅವರು. ಅವರನ್ನೂ ಯಾರೂ ಕರೆದುಕೊಂಡು ಹೋಗಿರಲಿಲ್ಲ.

ಅವಳು ನನಗೆ ಒಂದು ಚಿತ್ರವನ್ನು ಕಳುಹಿಸಿದಳು. ಅದರಲ್ಲಿ ಗಡಾಯಿಕಲ್ಲು ಕಾಣುವುದಿಲ್ಲ. ಬಹಳ ಕೆಳಗೆ, ಅಡಿಕೆ ತೋಟದ ಅಂಚಿನಲ್ಲಿ, ಹಂಚಿನ ಮಾಡೊಂದು ಕೆಂಪು ಚುಕ್ಕೆಯಂತಿದೆ. ತಾಯಿಯವರು ಅದನ್ನು ಬೆರಳು ಮಾಡಿ ತೋರಿಸುತ್ತಿದ್ದಾರೆ. ಅದು ಅವರ ಮನೆ.