ಬರೆಯದೆ ಉಳಿದ ಹೆಸರುಗಳು

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ಶಾಲೆಗಳನ್ನು ತೆರೆದರು. 1876-78ರ ಘೋರ ಬರಗಾಲದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸಾಕಿದರು. 1894ರಲ್ಲಿ ಮುದ್ರಿತವಾದ ನಿಘಂಟಿನಿಂದ ಕಿಟ್ಟೆಲ್ ಸಾಹೇಬರ ಹೆಸರು ಕನ್ನಡಿಗರಿಗೆ ಮನೆಮಾತಾಗಿರುವದು. ಇದು ಯೋಗ್ಯವೇ ಸರಿ. ಆದರೆ ಆ ಮಕ್ಕಳಿಗೆ ಗಂಜಿ ಬಡಿಸಿದ ತಾಯಂದಿರಾರು? ನಮ್ಮೂರ ಹುಡುಗಿಯರಿಗೆ ಅಕ್ಷರವನ್ನೂ ಹೊಲಿಗೆಯನ್ನೂ ಕಲಿಸಿದ ಅಕ್ಕನವರ ಹೆಸರುಗಳೆಲ್ಲಿ? ಸೇವೆಯನ್ನು ಸ್ಮರಿಸಿ ಸೇವಕಿಯರನ್ನು ಮರೆತ ಚರಿತ್ರೆಯು ಅರ್ಧ ಚರಿತ್ರೆಯೆಂದೇ ನಮ್ಮ ಅಭಿಪ್ರಾಯ.

ಆದಕಾರಣ, ಪೂರ್ವ ವಿದ್ಯಾರ್ಥಿನಿಯರೇ, ನಿಮಗೆ ಕಲಿಸಿದ ಅಕ್ಕನವರೊಬ್ಬರ ಹೆಸರನ್ನೂ ಅವರ ಕಾರ್ಯವನ್ನೂ ನಾಲ್ಕು ಸಾಲುಗಳಲ್ಲಿ ಬರೆದು ಶಾಲೆಗೆ ಒಪ್ಪಿಸಿರಿ. ಪಾಲಕರೇ, ಮನೆಯ ಹಿರಿಯ ತಾಯಂದಿರನ್ನು ಈ ವರ್ಷವೇ ಕೇಳಿ ಬರೆದುಕೊಳ್ಳಿರಿ. ಬರುವ ವರ್ಷ ನಾವು ಕೇಳಹೋದಾಗ ಹೇಳುವವರೇ ಇಲ್ಲದೆ ಹೋಗಬಹುದು.