ಯುದ್ಧಕ್ಕೆ ಕೈಯೆತ್ತಿದವರೇ ‘ಸಾಕು’ ಎಂದಾಗ

2005ರ ನವೆಂಬರ್ 17ರಂದು ವಾಷಿಂಗ್ಟನ್ನಿನಲ್ಲಿ ಪತ್ರಕರ್ತರ ಮುಂದೆ ಬಂದು ನಿಂತ ಜಾನ್ ಮರ್ಥಾ ಅವರಿಗೆ ಆಗ 73 ವರ್ಷ. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಮೂವತ್ತೊಂದು ವರ್ಷ ಕಳೆದಿದ್ದರೂ ಹೊರಗಿನ ಜನಕ್ಕೆ ಅವರ ಮುಖ ಅಷ್ಟಾಗಿ ಪರಿಚಯವಿರಲಿಲ್ಲ. ವಾಗ್ಮಿ ಎಂಬ ಹೆಸರೂ ಇಲ್ಲ. ಸಭಾಂಗಣದ ಹಿಂಬದಿಯ ಒಂದು ಮೂಲೆ ಅವರ ಖಾಯಂ ಜಾಗ. ಅಲ್ಲಿ ಕೂತು ಸೈನ್ಯದ ಬಜೆಟ್ಟಿನ ಲೆಕ್ಕ ನೋಡುವುದು, ಸದ್ದಿಲ್ಲದೆ ಕೆಲಸ ಮುಗಿಸಿಕೊಳ್ಳುವುದು ಅವರ ಪದ್ಧತಿ. ಅಂಥವರು ಅಂದು ಕಾಗದ ನೋಡಿಕೊಂಡು ಹೇಳಿದ್ದರ ಸಾರ ಇಷ್ಟು: ಇರಾಕಿನ ವಿಷಯದಲ್ಲಿ ಸರ್ಕಾರದ ನೀತಿಯೇ ದೋಷದ್ದು. ಸೈನಿಕರು ತಮ್ಮ ಕರ್ತವ್ಯ ಮಾಡಿ ಮುಗಿಸಿದ್ದಾರೆ. ಇನ್ನು ಅವರನ್ನು ಮನೆಗೆ ಕರೆತರಬೇಕು. ಓದುತ್ತಿದ್ದಾಗ ಅವರ ಗಂಟಲು ಕಟ್ಟಿತು.

ಇಂಥ ಮಾತನ್ನು ಆ ದೇಶದಲ್ಲಿ ಅದಾಗಲೇ ಎಷ್ಟೋ ಜನ ಆಡಿದ್ದರು. ಕಾಲೇಜುಗಳ ಅಂಗಳದಲ್ಲಿ, ಬೀದಿ ಮೆರವಣಿಗೆಗಳಲ್ಲಿ, ಮಗನನ್ನು ಕಳೆದುಕೊಂಡ ತಾಯಂದಿರ ಬಾಯಲ್ಲಿ ಅದು ಕೇಳಿಬಂದಿತ್ತು. ಸರ್ಕಾರ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಮರ್ಥಾ ಆಡಿದಾಗ ಮಾತ್ರ ಶ್ವೇತಭವನ ಬೆಚ್ಚಿಬಿತ್ತು. ಕಾರಣ ಮಾತಿನಲ್ಲಿರಲಿಲ್ಲ, ಆಡಿದವರಲ್ಲಿತ್ತು.

ಮರ್ಥಾ ಶಾಂತಿವಾದಿಯಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ, 1952ರಲ್ಲಿ, ಕಾಲೇಜು ಬಿಟ್ಟು ಮರೀನ್ ದಳ ಸೇರಿದವರು. ಆಮೇಲೆ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್‌ನಲ್ಲಿ ಕಾರು ತೊಳೆಯುವ ವ್ಯಾಪಾರ ಮಾಡಿಕೊಂಡು, ಹೆಂಡತಿ ಮಕ್ಕಳೊಂದಿಗೆ ಇದ್ದವರು. ವಿಯೆಟ್ನಾಂ ಯುದ್ಧ ಬಂದಾಗ ತಾವಾಗಿಯೇ ಹೆಸರು ಕೊಟ್ಟು 1966ರಲ್ಲಿ ಹೊರಟುಬಿಟ್ಟರು. ಅಲ್ಲಿ ಗಾಯಗೊಂಡಿದ್ದಕ್ಕೆ ಎರಡು ‘ಪರ್ಪಲ್ ಹಾರ್ಟ್’ ಪದಕ, ಶೌರ್ಯಕ್ಕೆ ‘ಬ್ರಾಂಝ್ ಸ್ಟಾರ್’. 1974ರಲ್ಲಿ ಚುನಾಯಿತರಾದಾಗ, ವಿಯೆಟ್ನಾಂನಲ್ಲಿ ಕಾದಾಡಿ ಬಂದು ಪ್ರತಿನಿಧಿ ಸಭೆಯ ಮೆಟ್ಟಿಲು ಹತ್ತಿದ ಮೊದಲಿಗರು ಅವರೇ. ಡೆಮಾಕ್ರಟಿಕ್ ಪಕ್ಷದವರಾದರೂ ಸೈನ್ಯದ ವಿಷಯ ಬಂದಾಗ ಪಕ್ಷ ನೋಡಿದವರಲ್ಲ. 1991ರ ಕೊಲ್ಲಿ ಯುದ್ಧಕ್ಕೂ ಅವರ ಬೆಂಬಲವಿತ್ತು. ಜಾನ್ಸ್‌ಟೌನ್ ಕಲ್ಲಿದ್ದಲು ಮತ್ತು ಉಕ್ಕಿನ ಊರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಇಂಥ ಊರುಗಳ ಹುಡುಗರಿಗೆ ಸೈನ್ಯವೂ ಒಂದು ಉದ್ಯೋಗದ ದಾರಿ. ಯುದ್ಧವೆಂದರೆ ಅಲ್ಲಿ ಅಕ್ಕಪಕ್ಕದ ಮನೆಯ ಸಂಗತಿ.

2002ರ ಅಕ್ಟೋಬರಿನಲ್ಲಿ ಇರಾಕಿನ ಮೇಲೆ ಬಲಪ್ರಯೋಗಕ್ಕೆ ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಅಧಿಕಾರ ಕೊಡುವ ನಿರ್ಣಯ ಬಂತು. ಪ್ರತಿನಿಧಿ ಸಭೆಯಲ್ಲಿ 296 ಮತ ಪರ, 133 ವಿರೋಧ. ಆ 296ರಲ್ಲಿ ಮರ್ಥಾ ಅವರದೂ ಒಂದು. ಸದ್ದಾಂ ಹುಸೇನ್ ಬಳಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂಬುದು ಆಗ ಹೇಳಲಾಗಿದ್ದ ಕಾರಣ. 2003ರ ಮಾರ್ಚಿನಲ್ಲಿ ಯುದ್ಧ ಶುರುವಾಯಿತು, ಬಾಗ್ದಾದ್ ಬಿತ್ತು. ಹುಡುಕಿದರೆ ಅಸ್ತ್ರಗಳ ದಾಸ್ತಾನು ಮಾತ್ರ ಇರಲಿಲ್ಲ. ಅಮೆರಿಕದ ತನಿಖಾ ತಂಡವೇ 2004ರಲ್ಲಿ ಹಾಗೆಂದು ವರದಿ ಕೊಟ್ಟಿತು.

ಇದೇ ಯುದ್ಧದ ಬಗ್ಗೆ ನಮ್ಮ ಲೋಕಸಭೆಯೂ 2003ರ ಏಪ್ರಿಲಿನಲ್ಲಿ ಒಂದು ಪದಕ್ಕಾಗಿ ಹೆಣಗಾಡಿತ್ತು. ‘ಕಂಡೆಮ್’ ಅನ್ನಬೇಕೆಂದು ವಿರೋಧ ಪಕ್ಷಗಳ ಪಟ್ಟು. ಅಷ್ಟು ಖಾರ ಬೇಡವೆಂದು ಸರ್ಕಾರದ ನಿಲುವು. ಕೊನೆಗೆ ಹಿಂದಿಯಲ್ಲಿ ‘ನಿಂದಾ’ ಎಂದೂ ಇಂಗ್ಲಿಷಿನಲ್ಲಿ ಮೆತ್ತಗಿನ ‘ಡಿಪ್ಲೋರ್’ ಎಂದೂ ಇಟ್ಟು ಎರಡೂ ಕಡೆಯವರು ಸಮಾಧಾನಪಟ್ಟರು. ಅದೇ ಜುಲೈನಲ್ಲಿ ಇರಾಕಿಗೆ ಪಡೆ ಕಳಿಸಬೇಕೆಂಬ ಅಮೆರಿಕದ ಕೋರಿಕೆಯನ್ನು ವಾಜಪೇಯಿ ಸರ್ಕಾರ ಒಪ್ಪಲಿಲ್ಲ. ಪದಗಳ ಆಟ ನಮ್ಮಲ್ಲಷ್ಟೇ ನಡೆಯುವುದು ಎಂದುಕೊಂಡವರು ವಾಷಿಂಗ್ಟನ್ನಿನಲ್ಲಿ ಮುಂದೆ ನಡೆದದ್ದನ್ನು ನೋಡಬೇಕು.

ಮರ್ಥಾ ಮನಸ್ಸು ಬದಲಾದದ್ದು ಸದನದ ಚರ್ಚೆಗಳಿಂದಲ್ಲ. ವಾಷಿಂಗ್ಟನ್ ಆಸುಪಾಸಿನಲ್ಲಿ ವಾಲ್ಟರ್ ರೀಡ್, ಬೆಥೆಸ್ಡಾ ಎಂಬ ಎರಡು ದೊಡ್ಡ ಸೈನಿಕ ಆಸ್ಪತ್ರೆಗಳಿದ್ದವು. ಗಾಯಾಳುಗಳನ್ನು ನೋಡಲು ಮರ್ಥಾ ಅಲ್ಲಿಗೆ ತಪ್ಪದೆ ಹೋಗುತ್ತಿದ್ದರು. ಕ್ಯಾಮೆರಾ ಇರುತ್ತಿರಲಿಲ್ಲ. ಅಲ್ಲಿ ಕಂಡ ಒಬ್ಬ ಮರೀನ್ ಹುಡುಗನ ಕಥೆಯನ್ನು ಅವರು ಅಂದು ಪತ್ರಕರ್ತರಿಗೆ ಹೇಳಿದರು. ಹುಡುಗ ಎರಡೂ ಕೈ ಕಳೆದುಕೊಂಡಿದ್ದ, ಕಣ್ಣೂ ಹೋಗಿತ್ತು. ನನ್ನಿಂದ ಏನಾದರೂ ಆಗಬೇಕೇ ಎಂದು ಕೇಳಿದರೆ ಮನೆಯವರು ಬೇಡಿದ್ದು ಒಂದು ಪರ್ಪಲ್ ಹಾರ್ಟ್ ಪದಕ. ಅದನ್ನು ಅವನಿಗೆ ಕೊಟ್ಟಿರಲಿಲ್ಲ. ಸಿಡಿದದ್ದು ಶತ್ರುವಿನ ಬಾಂಬಲ್ಲ, ಅಮೆರಿಕದವರದೇ ಸಿಡಿಯದೆ ಉಳಿದಿದ್ದ ಬಾಂಬು ಎಂಬುದು ಕಾರಣ! ಮರ್ಥಾ ಮರೀನ್ ದಳದ ಮುಖ್ಯಸ್ಥರನ್ನು ಕಂಡು, ನೀವು ಕೊಡದಿದ್ದರೆ ನನ್ನದೇ ಒಂದನ್ನು ಅವನಿಗೆ ಕೊಡುತ್ತೇನೆ ಎಂದರಂತೆ. ಪದಕ ಬಂತು.

ಆ ಹೊತ್ತಿಗೆ ಇರಾಕಿನಲ್ಲಿ ಸತ್ತ ಅಮೆರಿಕದ ಸೈನಿಕರ ಸಂಖ್ಯೆ 2,000 ದಾಟಿತ್ತು. ಮರ್ಥಾ ಅವರ ವಾದ ಬರೀ ಕನಿಕರದ್ದಲ್ಲ, ಲೆಕ್ಕದ್ದು. ಒಂದೇ ವರ್ಷದಲ್ಲಿ ದಾಳಿಗಳು ವಾರಕ್ಕೆ 150ರಿಂದ 700ಕ್ಕೂ ಮೇಲೆ ಹೋಗಿವೆ. ನಮ್ಮ ಸೈನಿಕರ ಇರುವಿಕೆಯೇ ಹಿಂಸೆಗೆ ಗೊಬ್ಬರವಾಗುತ್ತಿದೆ. ಆದ್ದರಿಂದ ಸುಮಾರು ಆರು ತಿಂಗಳಲ್ಲಿ, ಅವರ ಸುರಕ್ಷತೆಗೆ ಧಕ್ಕೆಯಾಗದಂತೆ, ಹಿಂದಕ್ಕೆ ಕರೆಸೋಣ. ಅಗತ್ಯ ಬಿದ್ದರೆ ನುಗ್ಗಲು ಒಂದು ಪಡೆ ಅಕ್ಕಪಕ್ಕದ ಪ್ರದೇಶದಲ್ಲಿರಲಿ. ಅವರು ಮಂಡಿಸಿದ ನಿರ್ಣಯದಲ್ಲಿದ್ದ ಒಕ್ಕಣೆ, ಕಾರ್ಯಸಾಧ್ಯವಾದ ಅತಿ ಬೇಗನೆಯ ದಿನದಂದು ಎಂಬರ್ಥದ್ದು.

ಉತ್ತರ ಬೇಗನೆ ಬಂತು. ಶ್ವೇತಭವನದ ವಕ್ತಾರರು ಮರ್ಥಾ ಅವರನ್ನು ಯುದ್ಧವಿರೋಧಿ ಚಿತ್ರನಿರ್ದೇಶಕ ಮೈಕೇಲ್ ಮೂರ್ ಜತೆ ಒಂದೇ ತಕ್ಕಡಿಗೆ ಹಾಕಿದರು. ಉಪಾಧ್ಯಕ್ಷ ಡಿಕ್ ಚೆನಿ ಯುದ್ಧದ ಟೀಕಾಕಾರರ ಮೇಲೆ ಹರಿಹಾಯುತ್ತಿದ್ದ ದಿನಗಳು ಅವು. ವಿಯೆಟ್ನಾಂ ಕಾಲದಲ್ಲಿ ಐದು ಸಲ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ ಪಡೆದಿದ್ದವರು ಚೆನಿ. ಮರ್ಥಾ ಅದನ್ನು ನೆನಪಿಸದೆ ಬಿಡಲಿಲ್ಲ.

ಮರುದಿನ ನಡೆದದ್ದೇ ಈ ಪ್ರಸಂಗದ ತಿರುಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ಸದಸ್ಯರು ಊರಿಗೆ ಹೊರಡುವ ತರಾತುರಿ. ಬಹುಮತದಲ್ಲಿದ್ದ ರಿಪಬ್ಲಿಕನ್ನರು ಮರ್ಥಾ ನಿರ್ಣಯವನ್ನು ಚರ್ಚೆಗೆ ತೆಗೆದುಕೊಳ್ಳಲಿಲ್ಲ. ಬದಲಿಗೆ ತಾವೇ ಒಂದನ್ನು ಬರೆದರು. ಸೇನಾ ಸಮಿತಿಯ ಅಧ್ಯಕ್ಷ ಡಂಕನ್ ಹಂಟರ್ ಮಂಡಿಸಿದ ಅದು ಒಂದೇ ವಾಕ್ಯದ್ದು: ಇರಾಕಿನಲ್ಲಿ ನಮ್ಮ ಪಡೆಗಳ ನಿಯೋಜನೆ ತಕ್ಷಣವೇ ಕೊನೆಗೊಳ್ಳಬೇಕು ಎಂಬುದು ಸಭೆಯ ಅಭಿಪ್ರಾಯ. ಮಂಡಿಸಿದವರಿಗೇ ಅದು ಬೇಕಿರಲಿಲ್ಲ! ಪರವಾಗಿ ಮತ ಕೊಟ್ಟವರು ರಣರಂಗದಿಂದ ಓಡುವವರು, ವಿರೋಧಿಸಿದವರು ಅಧ್ಯಕ್ಷರ ನೀತಿ ಒಪ್ಪಿದವರು, ಹೀಗೆ ಎರಡೂ ಬದಿಯಲ್ಲಿ ಬಲೆ. ‘ಕಾರ್ಯಸಾಧ್ಯವಾದ’ ಎಂಬುದನ್ನು ತೆಗೆದು ‘ತಕ್ಷಣ’ ಎಂಬುದನ್ನು ಇಟ್ಟದ್ದರಲ್ಲೇ ಇಡೀ ಕೆಲಸ ಮುಗಿದಿತ್ತು. ಪರೀಕ್ಷೆಯಲ್ಲಿ ಪ್ರಶ್ನೆಯ ಒಂದು ಪದ ಸರಿಯಾಗಿ ಓದದೆ ಅಂಕ ಕಳೆದುಕೊಂಡ ವಿದ್ಯಾರ್ಥಿಗಳಿಗೆ ಇದು ಬೇಗ ಅರ್ಥವಾದೀತು.

ಹಂಟರ್ ಅವರೂ ವಿಯೆಟ್ನಾಂ ಕಂಡವರೇ, ಅವರ ಮಗ ಮರೀನ್ ಅಧಿಕಾರಿಯಾಗಿ ಇರಾಕಿಗೆ ಹೋಗಿಬಂದಿದ್ದ ಎಂಬುದನ್ನೂ ಹೇಳಬೇಕು. ಅರ್ಧಕ್ಕೆ ಬಿಟ್ಟು ಬಂದರೆ ಸತ್ತವರ ಬಲಿದಾನ ವ್ಯರ್ಥವಾಗುತ್ತದೆ, ಉಗ್ರರಿಗೆ ಧೈರ್ಯ ಬರುತ್ತದೆ ಎಂಬ ವಾದ ಅವರ ಕಡೆಯವರದು. ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ.

ರಾತ್ರಿಯ ಚರ್ಚೆಯಲ್ಲಿ ಒಹಾಯೊದಿಂದ ಹೊಸದಾಗಿ ಗೆದ್ದು ಬಂದಿದ್ದ ಜೀನ್ ಶ್ಮಿಟ್ ಎದ್ದು ನಿಂತರು. ತಮ್ಮ ರಾಜ್ಯದ ಮರೀನ್ ಅಧಿಕಾರಿಯೊಬ್ಬರು ಮರ್ಥಾ ಅವರಿಗೆ ಒಂದು ಸಂದೇಶ ಕೊಟ್ಟಿದ್ದಾರೆ ಎಂದರು. ಹೇಡಿಗಳು ಓಡುತ್ತಾರೆ, ಮರೀನರು ಓಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಸದನದಲ್ಲಿ ಕೋಲಾಹಲವೆದ್ದಿತು, ಆಕೆ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು. ಎರಡು ದಿನದ ನಂತರ ಬೀಜಿಂಗ್‌ನಲ್ಲಿದ್ದ ಅಧ್ಯಕ್ಷ ಬುಷ್, ಮರ್ಥಾ ಒಳ್ಳೆಯ ಮನುಷ್ಯ, ಅವರ ಅಭಿಪ್ರಾಯವನ್ನಷ್ಟೇ ತಾವು ಒಪ್ಪುವುದಿಲ್ಲ ಎಂದು ಧ್ವನಿ ತಗ್ಗಿಸಿದರು.

ಮುಂದಿನ ದಾರಿ ಮರ್ಥಾ ಅವರಿಗೂ ನೇರವಾಗಿರಲಿಲ್ಲ. ಆ ಮತದಾನದ ಮರುದಿನ, ನವೆಂಬರ್ 19ರಂದು, ಇರಾಕಿನ ಹದೀಥಾದಲ್ಲಿ ಮರೀನರ ಕೈಯಲ್ಲಿ 24 ಇರಾಕಿಗಳು ಸತ್ತರು. ತನಿಖೆ ಮುಗಿಯುವ ಮುಂಚೆಯೇ, 2006ರಲ್ಲಿ, ಅದನ್ನು ತಣ್ಣನೆಯ ಕೊಲೆ ಎಂದು ಮರ್ಥಾ ಬಹಿರಂಗವಾಗಿ ಅಂದದ್ದು ಹಲವು ಮರೀನರಿಗೆ ನೋವಾಯಿತು. ಕಡೆಗೆ ಕೊಲೆಯ ಅಪರಾಧ ಯಾರ ಮೇಲೂ ಸಾಬೀತಾಗಲಿಲ್ಲ. ಅದೇ ವರ್ಷ ಅವರ ಪಕ್ಷ ಬಹುಮತ ಪಡೆದಾಗ ಸದನದ ಬಹುಮತ ನಾಯಕನ ಹುದ್ದೆಗೆ ನಿಂತರು. 1980ರ ಲಂಚದ ಬಲೆ ಪ್ರಕರಣವೊಂದರಲ್ಲಿ ಅವರ ಹೆಸರು ಬಂದದ್ದನ್ನು ಎದುರಾಳಿಗಳು ಕೆದಕಿದರು. ಆ ಪ್ರಕರಣದಲ್ಲಿ ಅವರ ಮೇಲೆ ಆರೋಪ ಹೊರಿಸಿರಲಿಲ್ಲ, ಆದರೂ 149ಕ್ಕೆ 86 ಮತಗಳಿಂದ ಸೋತರು.

2007ರಲ್ಲಿ ಬುಷ್ ಸೈನಿಕರನ್ನು ಕಡಿಮೆ ಮಾಡುವ ಬದಲು ಇನ್ನಷ್ಟು ಕಳಿಸಿದರು. ಕೊನೆಗೆ ಎಲ್ಲರನ್ನೂ 2011ರ ಅಂತ್ಯದೊಳಗೆ ಹಿಂತೆಗೆಯುವ ಒಪ್ಪಂದ ಮಾಡಿಕೊಂಡದ್ದೂ ಅದೇ ಬುಷ್ ಸರ್ಕಾರ. ಬಾಗ್ದಾದಿನಲ್ಲಿ ಅದಕ್ಕೆ ಸಹಿ ಬಿದ್ದದ್ದು 2008ರ ನವೆಂಬರ್ 17ರಂದು, ಮರ್ಥಾ ಪತ್ರಕರ್ತರೆದುರು ಗಂಟಲು ಕಟ್ಟಿ ನಿಂತು ಸರಿಯಾಗಿ ಮೂರು ವರ್ಷಕ್ಕೆ. 2010ರ ಫೆಬ್ರವರಿಯಲ್ಲಿ ಮರ್ಥಾ ತೀರಿಕೊಂಡರು. ಅಮೆರಿಕದ ಕೊನೆಯ ವಾಹನಗಳ ಸಾಲು ಕುವೈತ್ ಗಡಿ ದಾಟಿದ್ದು 2011ರ ಡಿಸೆಂಬರ್ 18ರಂದು. ಅಷ್ಟರಲ್ಲಿ ಸತ್ತ ಅಮೆರಿಕದ ಸೈನಿಕರು ಸುಮಾರು 4,500, ಇರಾಕಿನ ನಾಗರಿಕರು ಲಕ್ಷಕ್ಕೂ ಮೇಲೆ. 2014ರಲ್ಲಿ ಮೋಸುಲ್ ನಗರ ಐಸಿಸ್ ಕೈಗೆ ಬಿದ್ದ ಮೇಲೆ ಅಮೆರಿಕದ ಪಡೆಗಳು ಮತ್ತೆ ಇರಾಕಿಗೆ ಹೋದವು. ಅವಸರದಲ್ಲಿ ಬಂದಿದ್ದೇ ತಪ್ಪಾಯಿತು ಎಂದು ಒಂದು ಕಡೆಯವರು, ಹೋಗಿದ್ದೇ ತಪ್ಪು ಎಂದು ಇನ್ನೊಂದು ಕಡೆಯವರು ಹೇಳಿದರು.

ನವೆಂಬರ್ 18ರ ರಾತ್ರಿಯ ಆ ಒಂದು ವಾಕ್ಯದ ನಿರ್ಣಯಕ್ಕೆ ಬಿದ್ದ ಮತಗಳು: ಪರ 3, ವಿರೋಧ 403. ಸದನದ ಕಡತ ತೆಗೆದು ನೋಡಿದರೆ, ವಿರೋಧಿಸಿದವರ ಪಟ್ಟಿಯಲ್ಲಿ ಪೆನ್ಸಿಲ್ವೇನಿಯಾದ ಜಾನ್ ಮರ್ಥಾ ಅವರ ಹೆಸರೂ ಇದೆ.